ಹೊಟ್ಟೆಯ ಮೇಲಿಟ್ಟ ದೀಪ

ಗಂಗಾನಗರದ ಹಿಂದಿನ ಬೀದಿಯಲ್ಲಿ ಯಾವ ಮಗು ಹೊಟ್ಟೆ ಹಿಡಿದುಕೊಂಡು ಅತ್ತರೂ ಮೊದಲು ನೆನಪಾಗುತ್ತಿದ್ದದ್ದು ಪಾರವ್ವ. ಡಾಕ್ಟರು ಆಮೇಲೆ. ಬಾಗಲಕೋಟೆ ಕಡೆಯಿಂದ ಬಂದು, ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಸಂಸಾರ ತೂಗಿಸುತ್ತಿದ್ದ ಪಾರವ್ವನಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಹೊಕ್ಕುಳು ಸರಿದಿದೆ ಅಂತ ಯಾರಾದರೂ ಬಂದರೆ, ಮಲಗಿಸಿ ಹೊಕ್ಕುಳ ಮೇಲೆ ಪುಟ್ಟ ದೀಪ ಹಚ್ಚಿಟ್ಟು ಮೇಲೊಂದು ಲೋಟ ಬೋರಲು ಹಾಕುತ್ತಿದ್ದಳು. ದೀಪ ಆರುತ್ತಿತ್ತು, ಲೋಟ ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಆಮೇಲೆ ಹರಳೆಣ್ಣೆ ತಿಕ್ಕಿ ಕಳಿಸುತ್ತಿದ್ದಳು. ಅಜೀರ್ಣದ ನೋವು ಹೇಗೂ ತಾನಾಗಿಯೇ ಹೋಗುತ್ತದೆ. ಹೆಸರು ಮಾತ್ರ ಪಾರವ್ವನಿಗೆ ಬರುತ್ತಿತ್ತು.

ಅವಳ ಮಗ ಸಿದ್ದಲಿಂಗ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಆ ವರ್ಷದ ತರಗತಿ ಶುರುವಾದ ಹೊಸತರಲ್ಲಿ ಪೋಷಕರ ಸಭೆ ಕರೆದಿದ್ದರು. ವಿಜ್ಞಾನದ ಟೀಚರ್ ಪದ್ಮಶ್ರೀ ಎದ್ದು ನಿಂತು, ಮುಜುಗರ ನುಂಗಿಕೊಂಡೇ ಮಾತು ತೆಗೆದರು.

"ಇಷ್ಟು ವರ್ಷ ಹೆಣ್ಣುಮಕ್ಕಳನ್ನ ಮಾತ್ರ ಕೂರಿಸಿ, ಮುಟ್ಟಿನ ಬಗ್ಗೆ ಒಂದೆರಡು ಮಾತು ಹೇಳಿ, ಪ್ಯಾಡ್ ಕೊಟ್ಟು ಕಳಿಸ್ತಿದ್ವಿ. ಹುಡುಗರನ್ನ ಗ್ರೌಂಡಿಗೆ ಅಟ್ತಿದ್ವಿ. ಪುಸ್ತಕದಲ್ಲಿರೋ ಪಾಠನ ಮನೇಲಿ ಓದ್ಕೊಳ್ಳಿ ಅಂತ ಬಿಡ್ತಿದ್ವಿ. ಇಷ್ಟು ಸಾಕಾ ಅಂತ ಈಗ ನಾವೆಲ್ಲ ಕೂತು ನೋಡ್ಬೇಕು ಕಣ್ರೀ. ಮಕ್ಕಳ ಮೈ ಬದಲಾಗ್ತಿದೆ, ಕೇಳೋಣ ಅಂದ್ರೆ ಅವರಿಗೆ ಯಾರೂ ಇಲ್ಲ. ವಾರಕ್ಕೊಂದು ಕ್ಲಾಸ್ ಇಡೋಣ, ಹುಡುಗರನ್ನೂ ಸೇರಿಸಿ. ಸರ್ಕಾರಿ ಆಸ್ಪತ್ರೆ ಡಾಕ್ಟರು ಬಂದು ಹೇಳ್ತಾರೆ. ಮೈಯಲ್ಲಿ ಯಾವುದಕ್ಕೆ ಏನು ಹೆಸರು, ಯಾವ ನೋವು ಮುಚ್ಚಿಡಬಾರದು, ಯಾರಾದ್ರೂ ಮುಟ್ಟಬಾರದ ಕಡೆ ಮುಟ್ಟಿದ್ರೆ ಯಾರ ಹತ್ರ ಹೇಳ್ಬೇಕು, ಇಷ್ಟೇ."

ಪಾರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನಾವು ಮಕ್ಕಳನ್ನ ಸಾಲಿಗೆ ಕಳಿಸೋದು ನಾಕು ಅಕ್ಷರ ಕಲೀಲಿ ಅಂತರೀ ಟೀಚರ್. ಇಂಥಾ ಹೊಲಸು ಮಾತು ಕಲೀಲಿ ಅಂತಲ್ಲ. ಅದರ ಬಗ್ಗೆ ಬಾಯಿ ಬಿಡೋ ಹುಡುಗ್ರು ಕೆಟ್ಟವರು. ನಮ್ಮ ಸಿದ್ದು ಅಂಥಾವ ಅಲ್ಲ."

ಪಕ್ಕದ ಮನೆಯ ಫರೀದಾ ಅವಳ ಕೈ ಹಿಡಿದೆಳೆದಳು. "ಕೂತ್ಕೊಳ್ಳಿ ಪಾರವ್ವಕ್ಕಾ, ಟೀಚರ್ ಹೇಳೋದು ಪೂರ್ತಿ ಕೇಳೋಣ."

ಪಾರವ್ವ ಕೂರಲಿಲ್ಲ. ಚಪ್ಪಾಳೆ ಬಿದ್ದಿತ್ತು, ಕೂರುವುದು ಹೇಗೆ? ಹಿಂದಿನ ಬೆಂಚಿನಲ್ಲಿದ್ದ ಸಿದ್ದು ತಲೆ ತಗ್ಗಿಸಿದ. ಮಗ ಎಷ್ಟು ಮರ್ಯಾದಸ್ಥ ಅಂತ ತಾಯಿಯ ಎದೆ ಉಬ್ಬಿತು. ಕ್ಲಾಸಿನ ಮಾತು ಅಲ್ಲಿಗೇ ನಿಂತಿತು. ಹುಡುಗರು ಎಂದಿನಂತೆ ಗ್ರೌಂಡಿಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಸಿದ್ದು ಹಾಸಿಗೆಯ ಮೇಲೆ ಮುದುಡಿಕೊಂಡು ಬಿದ್ದಿದ್ದ. ಮುಖ ಬೆವತಿತ್ತು. ಕುಡಿದ ಚಹಾ ವಾಂತಿಯಾಗಿತ್ತು.

"ಎಲ್ಲಿ ನೋಯಾಕತ್ತೈತೋ?"

ಹುಡುಗ ತಾಯಿಯ ಮುಖ ನೋಡಿದ, ಗೋಡೆ ನೋಡಿದ. "ಹೊಟ್ಟಿ, ಯವ್ವಾ."

ಪಾರವ್ವ ದೀಪ ಹಚ್ಚಿದಳು. ಲೋಟ ಗಟ್ಟಿಯಾಗಿ ಕಚ್ಚಿಕೊಂಡಿತು. "ನೋಡು, ಹೊಕ್ಕಳ ಸರದೈತಿ," ಅಂತ ಗಂಡ ಮಹಾಲಿಂಗಪ್ಪನಿಗೂ ತೋರಿಸಿದಳು. ಅವನು ಲೋಟ ನೋಡಿ ಸಮಾಧಾನದಿಂದ ಜಾಲಹಳ್ಳಿಯ ಫ್ಯಾಕ್ಟರಿಗೆ ಹೊರಟ. ಪಾರವ್ವ ಎಣ್ಣೆ ತಿಕ್ಕಿದಳು. ಹುಡುಗ ಹಲ್ಲು ಕಚ್ಚಿದ. ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ ಅಂತ ಹೇಳಿ ಅವಳು ರೊಟ್ಟಿ ಕೊಡಲು ಹೋದಳು. ಬಂದಳು, ಮತ್ತೆ ಎಣ್ಣೆ ತಿಕ್ಕಿದಳು. ಊರಿನ ಮಕ್ಕಳಿಗೆಲ್ಲ ನಾಟಿದ ಕೈಗುಣ ಹೆತ್ತ ಮಗನಿಗೆ ಯಾಕೆ ನಾಟುತ್ತಿಲ್ಲ ಅಂತ ಅವಳಿಗೆ ಸಿಟ್ಟೇ ಬಂತು. ಹಾಗೇ ಹಗಲು ಕಳೆಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಫರೀದಾಳ ಮಗ ಉಜೈರ್ ಗೆಳೆಯನನ್ನು ನೋಡಲು ಬಂದ. ಸಿದ್ದು ಅವನ ಕಿವಿಯಲ್ಲಿ ಏನೋ ಹೇಳಿದ. ಉಜೈರ್ ಮನೆಗೆ ಓಡಿದ. ಹಿಂದೆಯೇ ಫರೀದಾ ಬಂದಳು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಫರೀದಾಳಿಗೇನೂ ಎಲ್ಲ ಗೊತ್ತಿತ್ತೆಂದಲ್ಲ. ಮಗ ಹೇಳಿದ್ದನ್ನು ಬಯ್ಯದೆ ಕೇಳಿಸಿಕೊಳ್ಳುವುದು ಗೊತ್ತಿತ್ತು, ಅಷ್ಟೇ.

"ಪಾರವ್ವಕ್ಕಾ, ನೋವು ಹೊಟ್ಟೆದಲ್ಲ. ಕೆಳಗಿಂದು. ಊದಿಕೊಂಡಿದೆಯಂತೆ. ಆಟೋ ಕರೀತೀನಿ, ಹೊರಡಿ."

ಹೆಬ್ಬಾಳದ ಫ್ಲೈಓವರ್ ಹತ್ತಿರ ಆಟೋ ಎಂದಿನಂತೆ ಸಿಕ್ಕಿಹಾಕಿಕೊಂಡಿತು. ಆಸ್ಪತ್ರೆ ತಲುಪಿದಾಗ ಡಾಕ್ಟರು ಹುಡುಗನನ್ನು ನೋಡಿದವರೇ ಆಪರೇಷನ್ ಕೋಣೆಗೆ ಕಳಿಸಿದರು. ಆಪರೇಷನ್ ಮುಗಿಸಿ ಹೊರಗೆ ಬಂದು ಕೇಳಿದರು, "ಯಾವಾಗಿಂದ ನೋವು?"

"ಬೆಳಿಗ್ಗಿಂದರೀ."

"ವೃಷಣ ತಿರುಚಿಕೊಂಡಿತ್ತಮ್ಮ."

ಪಾರವ್ವನಿಗೆ ಅರ್ಥವಾಗಲಿಲ್ಲ. ಡಾಕ್ಟರು ದನಿ ಎತ್ತಿ ಬಿಡಿಸಿ ಹೇಳಿದರು. "ಬೀಜ ಕಣಮ್ಮ, ಬೀಜ. ಅದು ತೂಗಾಡೋ ನರ ಹುರಿ ಬಿದ್ದು ರಕ್ತ ನಿಂತುಹೋಗಿತ್ತು. ಈ ವಯಸ್ಸಿನ ಹುಡುಗರಿಗೆ ಆಗುತ್ತೆ. ಐದಾರು ಗಂಟೆಯೊಳಗೆ ಬಂದಿದ್ರೆ ಬಹುಶಃ ಉಳಿಸಬಹುದಿತ್ತು. ಈಗ ಒಂದನ್ನ ತೆಗೀಬೇಕಾಯ್ತು. ಇನ್ನೊಂದು ತಿರುಚದ ಹಾಗೆ ಹೊಲಿಗೆ ಹಾಕಿದೀವಿ. ಮುಂದೆ ಮದುವೆ, ಮಕ್ಕಳು ಎಲ್ಲ ಆಗುತ್ತೆ, ಹೆದರಬೇಡಿ. ಆದ್ರೆ ಹೋಗಿದ್ದು ಹೋಯ್ತು."

ಮನೆಯೊಳಗೆ ಆಡಬಾರದ ಮಾತು ಆಸ್ಪತ್ರೆಯ ವರಾಂಡದಲ್ಲಿ, ಗುರುತಿಲ್ಲದ ಹತ್ತು ಜನರ ಎದುರು, ಜೋರಾಗಿ ಆಡಿಯಾಗಿತ್ತು. ಭೂಮಿ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಮಗನ ಮಂಚದ ಪಕ್ಕ ಕೂತು ಕೇಳಿದಳು. "ನನಗ್ಯಾಕ ಹೇಳಲಿಲ್ಲೋ?"

ಸಿದ್ದು ಚಾವಣಿ ನೋಡುತ್ತಾ ಅಂದ, "ಅದರ ಬಗ್ಗೆ ಬಾಯಿ ಬಿಡೋ ಹುಡುಗ್ರು ಕೆಟ್ಟವರು ಅಂತ ನೀನ ಅಂದಿದ್ದಿಯಲ್ಲ, ಯವ್ವಾ."

ಸಿದ್ದು ಇನ್ನೊಂದು ಮಾತು ಕೇಳಿಕೊಂಡ, ಯಾರ ಮುಂದೆಯೂ ತನ್ನ ಹೆಸರು ಹೇಳಬೇಡ ಅಂತ. ಪಾರವ್ವ ಮಾತು ಕೊಟ್ಟಳು.

ಮಗ ಮನೆಗೆ ಬಂದ ಮೇಲೆ ಪಾರವ್ವ ಶಾಲೆಗೆ ಹೋಗಿ, ಹುಡುಗನ ಹೆಸರು ಎತ್ತದೆ ನಡೆದದ್ದನ್ನು ಹೇಳಿದಳು. ಪದ್ಮಶ್ರೀ ಟೀಚರ್ ಬಯ್ಯುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಮೊದಲನೇ ಕ್ಲಾಸಲ್ಲೇ ಡಾಕ್ಟರು ಆ ನೋವಿನ ಬಗ್ಗೆ ಹೇಳೋರಿದ್ರು," ಅಂದರು ಟೀಚರ್, ಮೇಜು ನೋಡುತ್ತಾ. "ನಿಮ್ಮನ್ನೇ ಯಾಕೆ ಅನ್ನಲಿ ಪಾರವ್ವ? ಅವತ್ತು ಚಪ್ಪಾಳೆ ಬಿದ್ದಾಗ ಒಂದು ತಲೆನೋವು ತಪ್ಪಿತು ಅಂತ ನನಗೂ ಅನ್ನಿಸ್ತು. ನಾನೂ ಸುಮ್ಮನಾಗಿಬಿಟ್ಟೆ."

ಮತ್ತೆ ಸಭೆ ಸೇರಿತು. ಟೀಚರ್ ಮಾತು ಮುಗಿಸುವ ಮೊದಲೇ ನಾಗಲಿಂಗಪ್ಪ ಅನ್ನುವವರು ಎದ್ದರು. "ನಾವು ಮಕ್ಕಳನ್ನ ಅಕ್ಷರ ಕಲೀಲಿ ಅಂತ ಕಳಿಸೋದು ಕಣ್ರೀ. ಇದೆಲ್ಲ ನಮ್ಮ ಮಕ್ಕಳಿಗೆ ಬೇಕಾಗಿಲ್ಲ." ಚಪ್ಪಾಳೆ ಬಿತ್ತು. ತನ್ನದೇ ಮಾತು, ತನಗೆ ಬಿದ್ದದ್ದೇ ಚಪ್ಪಾಳೆ. ಪಾರವ್ವ ಎದ್ದಳು.

"ನಾಗಲಿಂಗಪ್ಪನವರ, ಈ ಓಣ್ಯಾಗ ಒಬ್ಬ ಹುಡುಗನ ಬೀಜ ತೆಗದಾರ್ರೀ. ಯಾರ ಹುಡುಗ ಅಂತ ಕೇಳಬ್ಯಾಡ್ರಿ, ಹೇಳಾಂಗಿಲ್ಲ. ನೋವು ಎಲ್ಲೈತಿ ಅನ್ನಾಕ ಅವಗ ನಾಚಿಕಿ ಆತು, ಹೊಟ್ಟಿ ಅಂದ. ಹೊಟ್ಟಿ ಮ್ಯಾಲ ದೀಪ ಇಟ್ಟಾಕಿ ನಾನು. ಸಂಜಿ ತನಕ ಎಣ್ಣಿ ತಿಕ್ಕಿದಾಕಿ ನಾನು. ನಿಮ್ಮ ಮಗನಿಗೆ ನಾಳೆ ಹಂಗ ಆದ್ರ, ಏನಂತ ಹೇಳ್ತಾನ ನಿಮಗ? ಯಾವ ಮಾತು ಕಲಿಸೀರಿ ಅವಗ?"

ಈ ಸಲ ಚಪ್ಪಾಳೆ ಬೀಳಲಿಲ್ಲ. ನಾಗಲಿಂಗಪ್ಪ ಕೂತರು. ಕೂತಲ್ಲಿಂದ ಅವರೇ ಮೆಲ್ಲಗೆ ಕೇಳಿದರು, "ಕ್ಲಾಸು ಯಾವ ದಿನ ಇಡ್ತೀರಿ ಟೀಚರ್?"

ಈಗ ಆ ಶಾಲೆಯಲ್ಲಿ ಗುರುವಾರ ಹುಡುಗರು ಗ್ರೌಂಡಿಗೆ ಹೋಗುವುದಿಲ್ಲ. ಸಿದ್ದು ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಕಲಿಯುವುದನ್ನೆಲ್ಲ ಕಲಿಯುತ್ತಾನೆ. ಆದರೆ ಅವನಿಗೆ ಬೇಕಿದ್ದ ಪಾಠ ಅವನ ಪಾಲಿಗೆ ತಡವಾಗಿ ಬಂತು. ಪಾರವ್ವನ ಮನೆಗೆ ಇನ್ನೂ ಹೊಟ್ಟೆ ನೋವಿನ ಮಕ್ಕಳನ್ನು ಕರೆತರುತ್ತಾರೆ. ಅವಳು ದೀಪ ಹಚ್ಚುವುದಿಲ್ಲ. ದೊಡ್ಡವರನ್ನು ಹೊರಗೆ ನಿಲ್ಲಿಸಿ, ಮಗುವಿನ ಮುಂದೆ ಕೂತು, ಎಲ್ಲಿ ನೋವು ಅಂತ ಮೈಯ ಒಂದೊಂದು ಭಾಗದ ಹೆಸರು ಹಿಡಿದು ಕೇಳುತ್ತಾಳೆ. ಆಮೇಲೆ ಆಸ್ಪತ್ರೆಯ ದಾರಿ ತೋರಿಸುತ್ತಾಳೆ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಕ್ಕಳ ಸರ್ಕಾರಿ ಶಾಲೆಗೆ ಹೋಗಿ ಕೇಳಿ. ದೇಹದ ಪಾಠ ಮಾಡುತ್ತಾರೋ, ಮನೆಯಲ್ಲಿ ಓದಿಕೊಳ್ಳಿ ಎಂದು ಬಿಡುತ್ತಾರೋ? ಹುಡುಗರನ್ನೂ ಕೂರಿಸುತ್ತಾರೋ? ಸಭೆಗೆ ಕರೆದರೆ ಹೋಗಿ, ಪೂರ್ತಿ ಕೇಳಿ, ಚಪ್ಪಾಳೆ ಆಮೇಲೆ ತಟ್ಟಿ. ಹುಡುಗನಿಗೆ ಬೀಜದಲ್ಲಾಗಲಿ ಕಿಬ್ಬೊಟ್ಟೆಯಲ್ಲಾಗಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಎಣ್ಣೆ ಬೇಡ, ದೀಪ ಬೇಡ, ನಾಳೆ ನೋಡೋಣ ಅನ್ನುವುದೂ ಬೇಡ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇವತ್ತು ಊಟಕ್ಕೆ ಕೂತಾಗ ಮಗನಿಗೂ ಮಗಳಿಗೂ ಒಂದು ಮಾತು ಹೇಳಿಬಿಡಿ: ಮೈಯಲ್ಲಿ ಎಲ್ಲೇ ನೋವಾದರೂ ನನ್ನ ಹತ್ತಿರ ಹೇಳು, ನಾನು ಬಯ್ಯುವುದಿಲ್ಲ.

ಹೇಳಲು ನಾಚಿಕೆಯಾಗುತ್ತದೆಯೇ? ಪಾರವ್ವನಿಗೂ ಆಗಿತ್ತು.