ಒಂದೇ ಒಂದು ಬೀಪ್

ಸ್ಕ್ರೂ ಬಿತ್ತು, ಎಡಕ್ಕೆ, ಮಂಚದ ಕಾಲಿನ ಹತ್ತಿರ, ಟಿಣ್ ಎಂದು ಒಮ್ಮೆ, ಆಮೇಲೆ ಉರುಳಿದ ಸದ್ದು, ನಿಂತಿತು — ಇರಲಿ, ಎಲ್ಲಿದೆ ಅಂತ ಗೊತ್ತಾಯಿತಲ್ಲ, ಉಳಿದ ಐದೂ ಸ್ಟೀಲ್ ಲೋಟದಲ್ಲಿವೆ, ಹಳೆಯ ಮದರ್‌ಬೋರ್ಡ್ ಸಡಿಲವಾಗಿ ಕೈಗೆ ಬಂದಿದೆ, ಹನ್ನೆರಡು ವರ್ಷದ ಧೂಳು ಬೆರಳಿಗೆ ಹತ್ತಿಯ ಹಾಗೆ ಅಂಟುತ್ತದೆ, ಕಿಟಕಿಯಿಂದ ಪಕ್ಕದ ಬೀದಿಯಲ್ಲಿ ರೇಷ್ಮೆಗೂಡು ಬೇಯುವ ವಾಸನೆ, ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಅದು ವಾಸನೆಯೇ ಅಲ್ಲ, ನನಗೆ ಮಾತ್ರ ಈಗೀಗ ಮತ್ತೆ ಬರತೊಡಗಿದೆ. ಈ ಕಂಪ್ಯೂಟರನ್ನು ನಾನೂ ಅಣ್ಣ ಮುನೇಶನೂ ಕೂಡಿಸಿದ್ದು ಇದೇ ನೆಲದ ಮೇಲೆ, ಹಳೆ ದುಪ್ಪಟಿ ಹಾಸಿ, ನನಗಾಗ ಹತ್ತೊಂಬತ್ತು, ಕಣ್ಣಿನ ನೋಟ ಅಂಚಿನಿಂದ ಮುಚ್ಚಿಕೊಳ್ಳಲು ಶುರುವಾಗಿತ್ತು, ಆದರೂ ಬೋರ್ಡಿನ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿ ಒಂದೊಂದೇ ವೈರು ಚುಚ್ಚಿದವಳು ನಾನೇ. ಎರಡು ಜಿಬಿ ರ‍್ಯಾಮನ್ನು ನಾಲ್ಕು ಮಾಡಿದಾಗ ನಡುವೆ ಬಟ್ಟಲಿನಷ್ಟು ನೋಟ ಉಳಿದಿತ್ತು, ಟಾರ್ಚ್ ಹಿಡಿದು ಕತ್ತು ತಿರುಗಿಸಿ ತಿರುಗಿಸಿ ಹಾಕಿದೆ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವ ಹೊತ್ತಿಗೆ ಬೆಳಕು ಯಾವುದು ಕತ್ತಲು ಯಾವುದು ಅನ್ನುವಷ್ಟೇ, ಆಮೇಲೆ ಅದೂ ಇಲ್ಲ, ಮಾನಿಟರ್ ಕೆಟ್ಟಾಗ ರಿಪೇರಿಯನ್ನೇ ಮಾಡಿಸಲಿಲ್ಲ — ಕಂಪ್ಯೂಟರ್ ಓದಿ ಹೇಳುತ್ತದೆ, ನಾನು ಕೇಳಿಸಿಕೊಳ್ಳುತ್ತೇನೆ, ಪರದೆ ಯಾರಿಗೆ ಬೇಕು. ಹೊರಗೆ ಕೊಟ್ಟಿದ್ದು ಒಂದೇ ಸಲ, ಕಳೆದ ವರ್ಷ, ಚಿಂತಾಮಣಿಯ ಅಂಗಡಿಗೆ, ಎಂಟು ಜಿಬಿ ಹಾಕಿ ಎಂದು, ಮನೆಗೆ ತಂದು ಕೇಳಿದರೆ ಅದರ ದನಿ ನಾಲ್ಕು ಎಂದಿತು, ಮಾರನೆಯ ದಿನವೇ ಬಸ್ಸು ಹತ್ತಿ ಹೋಗಿ ವಿಚಾರಿಸಿದೆ, ಎಂಟೇ ಹಾಕಿರೋದು, ನೀವು ನೋಡಿದ್ರಾ ಮೇಡಂ, ಎಂದ ಅಂಗಡಿಯವನು, ಪಕ್ಕದಲ್ಲಿ ಇನ್ಯಾರೋ ನಕ್ಕರು, ನೋಡಿದ್ರಾ — ಅವತ್ತು ಬಸ್ಸಿನಲ್ಲಿ ಕೂತೇ ತೀರ್ಮಾನ ಮಾಡಿದೆ, ಈ ಡಬ್ಬವನ್ನು ಇನ್ನು ಬೇರೆ ಯಾರ ಕೈಯೂ ಬಿಚ್ಚುವುದಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಪರೀಕ್ಷೆ, ಇವತ್ತು ಬುಧವಾರ, ಆರು ವರ್ಷದಿಂದ ಮಾಡುತ್ತಿರುವ ಕೆಲಸ, ಯಾರ‍್ಯಾರೋ ಮಾತಾಡಿದ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವುದು, ಈಗ ಆಫೀಸಿನವರು ಹೊಸ ಸಾಫ್ಟ್‌ವೇರ್ ತಂದಿದ್ದಾರೆ, ಪರೀಕ್ಷೆ ಅದರಲ್ಲೇ, ಹಳೆ ಪ್ರೊಸೆಸರಿನಲ್ಲಿ ಅದು ತೆರೆಯುವುದೇ ಇಲ್ಲ, ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ ಸಂಘಮಿತ್ರ, ಬೇಜಾರು ಮಾಡ್ಕೋಬೇಡಿ, ಎಂದರು ಆಫೀಸಿನ ತನುಜ ಮೇಡಂ, ನಾನು ಬೇಜಾರು ಮಾಡಿಕೊಳ್ಳಲಿಲ್ಲ, ಅಣ್ಣನಿಗೆ ಫೋನ್ ಮಾಡಿದೆ. ಅವನು ಗೌರಿಬಿದನೂರಿನಿಂದ ಸೆಕೆಂಡ್‌ಹ್ಯಾಂಡ್ ಬೋರ್ಡು, ಪ್ರೊಸೆಸರು, ರ‍್ಯಾಮು ಎಲ್ಲ ಬಸ್ಸಿಗೆ ಹಾಕಿ ಕಳಿಸಿದ, ಕಳಿಸಿ, ಭಾನುವಾರ ಬರ್ತೀನಿ ಕಣೇ, ಅಲ್ಲೀವರ್ಗೂ ಮುಟ್ಬೇಡ, ಪ್ರೊಸೆಸರ್ ಕೂರೋ ಜಾಗದಲ್ಲಿ ಕೂದಲಿನಂಥ ಸಾವಿರ ಪಿನ್ ಐತೆ, ಒಂದು ಬಗ್ಗಿದ್ರೆ ಮುಗೀತು, ಎಂದ. ಭಾನುವಾರ ಶುಕ್ರವಾರ ಆದಮೇಲೆ ಬರುತ್ತದೆ ಅಣ್ಣ. ಆದರೆ ಅವನು ಹೇಳಿದ್ದು ನಿಜ, ನಾನು ಏನನ್ನೇ ಆಗಲಿ ಮೊದಲು ಸವರಿ ತಿಳಿಯುವವಳು, ಸವರಲೇಬಾರದ ಜಾಗ ಇದೊಂದೇ, ಅದಕ್ಕೇ ನಿನ್ನೆ ಮಧ್ಯಾಹ್ನವೆಲ್ಲ ಡಬ್ಬದೊಳಗೇ ಇದ್ದ ಹಳೆ ಬೋರ್ಡಿನ ಮೇಲೆ ಅಭ್ಯಾಸ ಮಾಡಿದೆ, ತೆಗೆ, ಇಡು, ತೆಗೆ, ಇಡು, ನಾಲ್ಕನೆಯ ಸಲ ಜಾರಿ ಒಂದು ಮೂಲೆ ಒರಟಾಯಿತು, ಸವರಿ ನೋಡಿದರೆ ಪಿನ್ನುಗಳು ಮಲಗಿದ್ದವು, ಆದರೂ ಹನ್ನೊಂದು ಸಲ ಮಾಡಿದೆ.

ಹೊಸ ಪ್ರೊಸೆಸರ್ ಬೆಲ್ಲದ ಚಿಕ್ಕ ಬಿಲ್ಲೆಯಷ್ಟಿದೆ, ತಣ್ಣಗಿದೆ, ಅಂಚಿನಲ್ಲಿ ಎರಡು ಪುಟ್ಟ ಕಚ್ಚು, ಉಗುರಿಗೆ ಸಿಗುತ್ತವೆ, ಇವು ನನ್ನ ಕಡೆಗೆ ಬರಬೇಕು. ಬಾಗಿಲಲ್ಲಿ ಅಮ್ಮ ಬಂದು ನಿಂತಳು, ಲಕ್ಷ್ಮಿದೇವಮ್ಮ, ಮೂವತ್ತು ವರ್ಷ ಕುದಿನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚಿದವಳು, ಅವಳ ಬೆರಳ ತುದಿಗೆ ಈಗ ಬಿಸಿಯೂ ತಿಳಿಯದು ತಂಪೂ ತಿಳಿಯದು, ಪಕ್ಕದಲ್ಲೇ ಕೂತಳು, ಕೈ ಹಿಡೀಲೇನಮ್ಮ, ಎಂದಳು, ಬೇಡಮ್ಮ, ಎಂದೆ, ಮೆಲ್ಲಗಾ ಮೆಲ್ಲಗಾ, ಎಂದಳು, ಆಮೇಲೆ ಅವಳ ಬಳೆಯ ಸದ್ದೂ ನಿಂತಿತು. ಎಡಗೈ ಬೆರಳು ಹೊಸ ಬೋರ್ಡಿನ ಪಿನ್ನುಗಳ ಸುತ್ತಲಿನ ಚೌಕಟ್ಟಿನ ಹೊರ ಅಂಚಿನ ಮೇಲೆ, ಅದರಾಚೆ ಹೋಗಕೂಡದು, ಬಲಗೈ ಇಳಿಯುತ್ತಿದೆ, ಅಂಚಿಗೆ ಅಂಚು, ಬಿಡು, ಈಗ ಬಿಡು — ಬಿಟ್ಟೆ. ಕೂತಿತು. ಅಲುಗಲಿಲ್ಲ. ಅದನ್ನು ಬಿಗಿಯುವ ಸನ್ನೆ ಕಡ್ಡಿ ಒತ್ತಿದೆ, ಕಿರ್ರ್ ಎಂದು ನರಳಿತು, ಒತ್ತಿದೆ, ಸಿಕ್ಕಿಕೊಂಡಿತು, ಇನ್ನು ಬಿಸಿ ಎಳೆಯುವ ಪೇಸ್ಟ್, ಕಾಳಿನಷ್ಟೇ, ಫ್ಯಾನಿನ ನಾಲ್ಕು ಕಾಲು, ಟಕ್, ಎದುರು ಮೂಲೆ ಟಕ್, ಟಕ್, ಟಕ್, ರ‍್ಯಾಮು, ಬೋರ್ಡಿನ ಸ್ಕ್ರೂಗಳು, ಅಣ್ಣ ಫೋನಿನಲ್ಲಿ ಎಣಿಸಿ ಹೇಳಿದ ಹಾಗೆ ವೈರುಗಳು, ಬೀಪ್ ಕೊಡುವ ಪುಟ್ಟ ಸ್ಪೀಕರು, ಸ್ವಿಚ್ಚು. ಉದ್ದನೆಯ ಬೀಪ್. ಬಿಟ್ಟು ಮತ್ತೆ ಉದ್ದನೆಯ ಬೀಪ್, ಮತ್ತೆ, ಕೆಟ್ಟೋಯ್ತಾ ಎಂದು ಅಮ್ಮ ಕೇಳುತ್ತಾಳೆ, ಇಲ್ಲ, ಇದು ಸಾವಿನ ಸದ್ದಲ್ಲ, ಪಿನ್ ಬಗ್ಗಿದ್ದರೆ ಇದು ಬಾಯೇ ಬಿಡುತ್ತಿರಲಿಲ್ಲ, ರ‍್ಯಾಮು ಸರಿಯಾಗಿ ಕೂತಿಲ್ಲ ಅನ್ನುತ್ತಿದೆ, ಆರಿಸು, ಪ್ಲಗ್ ಕೀಳು, ಹೆಬ್ಬೆರಳೆರಡೂ ಇಟ್ಟು ಒತ್ತು, ಬೋರ್ಡು ಬಾಗಿದರೂ ಹೆದರದೆ ಒತ್ತು, ಒಂದು ಕಡೆ ಟಕ್, ಇನ್ನೊಂದು ಕಡೆ ಟಕ್, ಮತ್ತೆ ಸ್ವಿಚ್ಚು — ಬೀಪ್. ಒಂದೇ ಒಂದು. ಗಿಡ್ಡದು.

ಎಲ್ಲ ಸರಿಯಿದೆ ಅಂತ ಅರ್ಥ, ಹೊಸ ಬೋರ್ಡನ್ನು ಗುರುತು ಹಿಡಿಯಲು ಕಂಪ್ಯೂಟರಿಗೆ ಹೊತ್ತು ಬೇಕು, ಕಾದೆ, ಫ್ಯಾನ್ ಸುತ್ತುತ್ತಿದೆ, ಕೊನೆಗೆ ದನಿ ಬಂತು, ನನ್ನ ಹೆಸರು ಹೇಳಿತು, ಕೇಳಿದರೆ ಸಮಯ ಒಂದು ಗಂಟೆ ಹತ್ತು ನಿಮಿಷ ಎಂದಿತು, ಆಫೀಸಿನ ಸಾಫ್ಟ್‌ವೇರ್ ಒತ್ತಿದೆ, ತೆರೆದುಕೊಂಡಿತು, ಮಾತಾಡಿತು, ಶುಕ್ರವಾರ ಹತ್ತಕ್ಕೆ ಕೂರುತ್ತೇನೆ, ತನುಜ ಮೇಡಂಗೆ ಹೇಳಬೇಕು, ಅಣ್ಣನಿಗೆ ಹೇಳಬೇಕು, ಭಾನುವಾರ ಊಟಕ್ಕೆ ಬಾ, ಸುಮ್ಮನೆ ಬಾ, ಅಂತ — ಒಳಗೊಂದು ದೀಪ ಹತ್ಕೊಂಡೈತಮ್ಮ, ಎಂದಳು ಅಮ್ಮ. ಬೋರ್ಡಿನ ಸಣ್ಣ ದೀಪ, ಅದು ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ ನನಗೆ, ಮುಚ್ಚಳ ಹಾಕಬೇಕು, ಆದರೂ ಕೇಳಿದೆ, ಯಾವ ಬಣ್ಣ. ಅಮ್ಮ ಬಗ್ಗಿದಳು, ಹೊತ್ತು ತೆಗೆದುಕೊಂಡಳು, ಇಪ್ಪನೇರಳೆ ಚಿಗುರು ಬರುತ್ತಲ್ಲ, ಕಡ್ಡಿ ತುದೀಲಿ, ಆ ಹಸಿರು, ಎಂದಳು — ಕಣ್ಣಿದ್ದಾಗ ಕಂಡ ಕಡ್ಡಿಯ ತುದಿ, ಎರಡೇ ಎಲೆ, ಹಿಂದಿನಿಂದ ಬಿಸಿಲು ತೂರಿ ಬಂದಿದೆ, ನರಗಳು ಕೂಡ ಕಾಣುತ್ತಿವೆ, ಎಳೆ ಹಸಿರು, ಎರಡೇ ಎಲೆ, ಹಸಿರು —