ಬೋಳು ದಂಡೆಯ ಹಳ್ಳ

ಕಿತ್ತೂರಿನ ಪಶ್ಚಿಮದ ಕಾಡಿನಲ್ಲಿ ಹಜರತಸಾಬ ಹನ್ನೊಂದು ವರ್ಷದಿಂದ ದಿನಗೂಲಿ ಕಾವಲುಗಾರ. ಅವನು ಕಾಯುವ ಭಾಗದಲ್ಲಿ ಎರಡು ಸಣ್ಣ ಹಳ್ಳಗಳಿದ್ದವು, ಒಂದೇ ಜಿಗಿತಕ್ಕೆ ದಾಟುವಂಥವು. ಸುಡುಬಿಸಿಲಲ್ಲೂ ಕಾಲಿಟ್ಟರೆ ಜುಮ್ಮೆನ್ನುವ ನೀರು.

ಆ ಹಳ್ಳಗಳ ಮೀನುಗಳ ಅಧ್ಯಯನಕ್ಕೆ ಧಾರವಾಡದಿಂದ ಬರುತ್ತಿದ್ದ ಯಶೋಧಾ ಮೇಡಂ ಅವನಿಗೊಂದು ಥರ್ಮಾಮೀಟರ್ ಕೊಟ್ಟಿದ್ದರು. "ದಂಡಿ ಮ್ಯಾಲಿನ ಗಿಡಾ ಕಡದ್ರ ಬಿಸಲು ಸೀದಾ ನೀರಿಗೆ ಬೀಳ್ತೈತ್ರಿ ಸಾಬರ. ಮೂವತ್ತು ಡಿಗ್ರಿ ದಾಟಿದ್ರ ಈ ಮೀನು ಉಳಿಯೂದಿಲ್ಲ" ಅಂದಿದ್ದರು. ೧೯೯೮ರಲ್ಲಿ ಆ ಕಾಡಿನ ಮರ ಕಡಿಯಲು ಗುತ್ತಿಗೆಯಾದಾಗ, ಹಳ್ಳದ ಎರಡೂ ಬದಿ ಮೂವತ್ತು ಹೆಜ್ಜೆಯವರೆಗೆ ಮರ ಬಿಡಬೇಕೆಂಬ ಷರತ್ತು ಸೇರಿದ್ದು ಅವರ ಓಡಾಟದಿಂದಲೇ. ಬಿಡಬೇಕಾದ ಮರಗಳಿಗೆ ಹಜರತಸಾಬ ತಾನೇ ಸುಣ್ಣದ ಪಟ್ಟೆ ಬಳಿದ.

ಏಪ್ರಿಲ್‌ನಲ್ಲಿ ಹೆಂಡತಿ ಖೈರುನಬಿಗೆ ಜ್ವರ ನೆತ್ತಿಗೇರಿತು. ಅವಳನ್ನು ಬೈಲಹೊಂಗಲದ ದವಾಖಾನೆಗೆ ಸೇರಿಸಿ ನಾಲ್ಕನೆಯ ದಿನ ಮರಳಿದ. ಮೊದಲ ಹಳ್ಳದ ಎರಡೂ ದಂಡೆ ಬೋಳಾಗಿದ್ದವು. ಸುಣ್ಣದ ಪಟ್ಟೆಯ ದಿಮ್ಮಿಗಳು ಲಾರಿ ಏರುತ್ತಿದ್ದವು.

"ಒಣಗಿದ್ವು ಸಾಬ. ಇವತ್ತಿಲ್ಲ ನಾಳೆ ಬೀಳೂವು" ಎಂದ ಗುತ್ತಿಗೆದಾರನ ಮೇಸ್ತ್ರಿ ಹಣಮಂತಪ್ಪ.

"ಹಸೀ ರಸಾ ಸೋರಾಕತ್ತೈತಿ, ಒಣಗಿದ್ವು ಅಂತೀಯಲ್ಲೋ!"

ಹಣಮಂತಪ್ಪ ಮುಖ ತಿರುಗಿಸಿ ಬೀಡಿ ಹಚ್ಚಿದ.

ಇಪ್ಪತ್ನಾಲ್ಕಿದ್ದ ನೀರು ಆ ಮಧ್ಯಾಹ್ನ ಇಪ್ಪತ್ತೊಂಬತ್ತಾಗಿತ್ತು. ವಾರದೊಳಗೆ ಮೂವತ್ತೆರಡು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಹಜರತಸಾಬ ಅವನ್ನು ಬಕೆಟಿಗೆ ಹಾಕಿಕೊಂಡು ಎರಡನೆಯ ಹಳ್ಳಕ್ಕೆ ಓಡಿದ. ನಾಲ್ಕು ಸಲ ಓಡಿದ. ನಾಲ್ಕನೆಯ ಸಲ ಬಕೆಟಿನಲ್ಲಿ ಯಾವುದೂ ಮಿಸುಕಲಿಲ್ಲ.

ಅರಣ್ಯ ಇಲಾಖೆಯ ಸಾಹೇಬರು ಅವನನ್ನು ಕಚೇರಿಗೆ ಕರೆಸಿ ಒಂದು ಕಾಗದ ಮುಂದಿಟ್ಟರು. ಕಡಿದದ್ದೆಲ್ಲ ಒಣಮರ, ಕಾವಲುಗಾರ ಎದುರಿಗೇ ಇದ್ದ ಎಂದು ಬರೆದಿತ್ತು.

"ಸಹಿ ಹಾಕು. ಕಾಯಂ ಮಾಡೂ ಯಾದಿಯೊಳಗ ನಿನ್ನ ಹೆಸರೈತಿ."

"ನಾ ಅಲ್ಲಿ ಇರಲೇ ಇಲ್ರಿ ಸಾಹೇಬ್ರ. ಒಣಾ ಗಿಡಾನೂ ಅಲ್ರಿ ಅವು."

ಮರುವಾರವೇ ಕೆಲಸ ಹೋಯಿತು.

ಖೈರುನಬಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. "ಸಹಿ ಹಾಕಲಿಲ್ಲಂತ ಸತ್ತ ಮೀನು ಎದ್ದು ಬಂದ್ವೇನ್ರಿ?" ಎಂದಳು.

"ಇಲ್ಲ. ಹಾಕಿದ್ದರ ಎರಡನೇ ಹಳ್ಳಕ್ಕೂ ಅದ ಕಾಗದಾ ತರತಿದ್ರು."

ಅವಳು ಗೋಡೆ ಹಿಡಿದು ಒಳಗೆ ಹೋದಳು. ಸಿಟ್ಟು ಇಳಿಯಲು ಬಹಳ ದಿನ ಹಿಡಿಯಿತು.

ಹಜರತಸಾಬ ಕಚೇರಿಯಿಂದ ತಂದಿದ್ದ ಸಹಿಯಿಲ್ಲದ ಆ ಕಾಗದ ಹಿಡಿದು ಯಶೋಧಾ ಮೇಡಂ ಬೆಳಗಾವಿಯ ಅರಣ್ಯ ಕಚೇರಿಯವರೆಗೂ ಹೋದರು. ಮೇಸ್ತ್ರಿಗಾಗಲಿ ಸಾಹೇಬರಿಗಾಗಲಿ ಶಿಕ್ಷೆಯಾಗಲಿಲ್ಲ. ಎರಡನೆಯ ಹಳ್ಳದ ಕಡೆ ಕೊಡಲಿ ಮಾತ್ರ ನಿಂತಿತು.

ಹಜರತಸಾಬ ನೇಸರಗಿಯಲ್ಲಿ ಮೂಟೆ ಹೊರುವ ಹಮಾಲಿಗೆ ಸೇರಿದ. ಮಳೆಗಾಲದಲ್ಲಿ ರಜೆಯ ದಿನ ಬಸ್ಸು ಹಿಡಿದು ಬಂದು ಬೋಳು ದಂಡೆಗೆ ಹೊಂಗೆ, ಅತ್ತಿಯ ಸಸಿ ನೆಡುತ್ತಿದ್ದ. ಅರ್ಧಕ್ಕರ್ಧ ಸಸಿಗಳನ್ನು ದನ ಮೇಯ್ದವು. ೨೦೦೧ರ ಹೊತ್ತಿಗೆ ಉಳಿದವು ಅವನ ಹೆಗಲೆತ್ತರವಿದ್ದವು. ನಡುಮಧ್ಯಾಹ್ನ ಅವುಗಳ ನೆರಳು ಇನ್ನೂ ನೀರು ಮುಟ್ಟುತ್ತಿರಲಿಲ್ಲ.