ಉಗುರಿನ ಕಪ್ಪು

ಚಿಕ್ಕಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪು ಹಚ್ಚಿ, ಸತ್ತ ಅಕ್ಕನ ಉಗುರುಗಳನ್ನು ತಿಕ್ಕುತ್ತಿದ್ದಳು. ನೊರೆ ಬೂದಿಬಣ್ಣಕ್ಕೆ ತಿರುಗಿತೇ ಹೊರತು ಸಂದಿಯ ಕಪ್ಪು ಜಗ್ಗಲಿಲ್ಲ.

"ಥೂ, ಹೆಂಗಸಿನ ಕೈಯೇನೇ ಇದು? ಪ್ರಾಣ ಹೋದ್ರೂ ಮಸಿ ಹೋಗ್ತಿಲ್ಲ. ಜನ ಬರೋದ್ರೊಳಗೆ ಬೆಳ್ಳಗಾಗದಿದ್ರೆ ಹೊದಿಕೆ ಒಳಗೆ ತಳ್ಳಿಬಿಡೋಣ."

ಸತ್ತವಳ ಮಗಳು ಬಾಗಿಲಲ್ಲೇ ನಿಂತಿದ್ದಳು. ಬೆಳಗ್ಗೆಯಿಂದ ತಾಯಿಯ ಹಣೆ ಮುಟ್ಟಿದ್ದಳು, ಪಾದ ಮುಟ್ಟಿದ್ದಳು. ಕೈ ಮಾತ್ರ ಮುಟ್ಟಲಾಗಿರಲಿಲ್ಲ.

ಹೊರಗೆ ಗುಜರಿ ಅಂಗಡಿಯವನು ಯಾರಿಗೋ ಹೇಳುತ್ತಿದ್ದ: "ಇಲಿಯೂ ಮೂಗು ಮುಚ್ಕೊಳ್ಳೋ ರಾಶಿಗೆ ಅಕ್ಕ ಮೊಣಕೈವರೆಗೂ ಕೈ ಹಾಕೋರು. ಹಳೇ ಕ್ಯಾಂಪಿಂಗ್ ಸ್ಟೌ ಒಂದು ಸಿಕ್ಕಿದ್ರೆ ಸಾಕು, ಲಾಟರಿ ಹೊಡೆದೋರ ಥರ ನಗೋರು."

* * *

ಬದುಕಿದ್ದಾಗ ಅಡುಗೆಮನೆಯ ಮೇಜೇ ತಾಯಿಯ ಒಲೆ ರಿಪೇರಿಯ ಕಾರ್ಖಾನೆ. ಬೆಟ್ಟ ಹತ್ತುವವರು ಯಾವ ಕಾಲದಲ್ಲೋ ಹೊತ್ತೊಯ್ಯುತ್ತಿದ್ದ ಪುಟ್ಟ ಗ್ಯಾಸ್ ಒಲೆ. ಅದರ ಬರ್ನರಿನ ತೂತುಗಳಲ್ಲಿ ಉಕ್ಕಿ ಕರಕಲಾದ ಹಾಲು, ಸತ್ತ ಜಿರಳೆಯ ಕಾಲು. ಸೂಜಿಯಿಂದ ಕೆದಕಿ, ನಳಿಕೆಯನ್ನು ತುಟಿಗಿಟ್ಟು ಊದಿ, ಕಪ್ಪು ಉಗುಳನ್ನು ಸಿಂಕಿಗೆ ಉಗಿದು, ಕೈಯನ್ನು ನೀರಿಗೆ ತೋರಿಸಿದ ಶಾಸ್ತ್ರ ಮಾಡಿ ಹಿಟ್ಟು ಕಲಸಲು ನಿಲ್ಲುತ್ತಿದ್ದಳು.

"ಅಮ್ಮಾ, ವಾಕರಿಕೆ ಬರುತ್ತೆ!"

"ಬರಲಿ ಬಿಡು. ಊಟಕ್ಕೆ ಮಾತ್ರ ಎಲ್ರಿಗಿಂತ ಮೊದಲು ನೀನೇ ಕೂತಿರ್ತೀಯ."

ಜೋಡಿಸಿ ಮುಗಿದ ಮೇಲೆ ಗ್ಯಾಸ್ ಬಿಟ್ಟು, ಕೊಳವೆಯ ಸಂದಿಗೆ ಸೋಪಿನ ನೊರೆ ಹಚ್ಚಿ, ಸೋರುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ಕಾಯುವಳು. "ಗುಳ್ಳೆ ಎದ್ರೆ ಇನ್ನೂ ಎಲ್ಲೋ ಉಸಿರು ಬಿಡ್ತಿದೆ ಅಂತ. ಏಳದಿದ್ರೆ ನನ್ನ ಕೆಲಸ ಮುಗೀತು."

* * *

ಚಿಕ್ಕಮ್ಮ ಪಾತ್ರೆ ಉಜ್ಜುವ ತಂತಿಯ ಉಂಡೆ ತಂದಳು. ಒಂದೇ ಉಜ್ಜಿಗೆ ಹೆಬ್ಬೆರಳಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು, ರಕ್ತ ಬರಲಿಲ್ಲ. ಮಗಳು ಬಾಗಿಲು ಬಿಟ್ಟು ಒಳಗೆ ಬಂದಳು. ಈ ಸಲ ಹೇಸಿದ್ದು ಆ ಕೈಗಲ್ಲ.

"ಬಿಡಿ ಚಿಕ್ಕಮ್ಮ."

"ಅಯ್ಯೋ, ಅಸಹ್ಯ ಅಂತ ಮೂಗು ಮುರೀತಿದ್ದೋಳು ನೀನೇ ಅಲ್ವೇನೇ?"

"ಈಗಲೂ ಅಸಹ್ಯಾನೇ. ಬಿಡಿ ಅಂದ್ನಲ್ಲ."

ತಂತಿಯ ಉಂಡೆ ಕಿತ್ತುಕೊಂಡು ಕಿಟಕಿಯಾಚೆ ಎಸೆದಳು. ಕೂತು, ಉಸಿರು ಬಿಗಿಹಿಡಿದು, ಆ ಕೈಯನ್ನು ಎತ್ತಿಕೊಂಡಳು. ತಣ್ಣಗಿತ್ತು, ಗ್ರೀಸು ನಾರುತ್ತಿತ್ತು. ಬಾಯಲ್ಲಿ ಹುಳಿನೀರು ಊರಿತು, ನುಂಗಿಕೊಂಡಳು, ಬಿಡಲಿಲ್ಲ. ಎರಡೂ ಕೈಗಳನ್ನು ಹೊದಿಕೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

ಮೆಟ್ಟಿಲ ಮೇಲೆ ಜನರ ಚಪ್ಪಲಿ ಸದ್ದು ಕೇಳಿಸಿತು. ಹೆಬ್ಬೆರಳಿನ ಗೆಣ್ಣಿನಲ್ಲಿ ಸೋಪಿನ ನೊರೆ ಇನ್ನೂ ಉಳಿದಿತ್ತು. ಒರೆಸಲು ಹೋದವಳು ಕೈ ತಡೆದುಕೊಂಡಳು. ಬಗ್ಗಿ, ಕಣ್ಣು ಕಿರಿದು ಮಾಡಿ ಕಾದಳು.

ಒಂದು ಗುಳ್ಳೆಯೂ ಏಳಲಿಲ್ಲ.